ಆರನೇ ಹಾಡಿಗೆ ಅಸಲು: ಕುಪ್ಪೇಲೂರಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಧ್ವನಿಮುದ್ರಣದ ಲೆಕ್ಕ

ಗಿಟಾರ್, ಸೌಂಡ್ ಕಾರ್ಡ್, ಹೆಡ್‌ಫೋನ್, ಕೇಬಲ್, ಅರ್ಥಿಂಗ್. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಮನೆಯೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಧ್ವನಿಮುದ್ರಣಕ್ಕೆ ಬೇಕಾದ ಈ ಐದು ಬಾಬತ್ತುಗಳ ಒಟ್ಟು ವೆಚ್ಚ ₹44,300. ಲ್ಯಾಪ್‌ಟಾಪ್ ಮನೆಯಲ್ಲಿ ಮೊದಲೇ ಇದೆ ಎಂದು ಹಿಡಿದ ಲೆಕ್ಕವಿದು. ಗಿಟಾರ್ ಬೆಲೆ ₹18,000 ಕಳೆದರೆ ಸ್ಟುಡಿಯೋ ಭಾಗದ ವೆಚ್ಚ ₹26,300. ಅದರಲ್ಲಿ ₹4,500, ಅಂದರೆ ಶೇ 17, ಅರ್ಥಿಂಗ್‌ಗೆ ಹೋಗುತ್ತದೆ. ಹೋಮ್ ಸ್ಟುಡಿಯೋಗೆಂದು ಜನ ಮಾಡಿಕೊಳ್ಳುವ ಖರೀದಿ ಪಟ್ಟಿಯಲ್ಲಿ ಈ ಬಾಬತ್ತು ಸಾಮಾನ್ಯವಾಗಿ ಇರುವುದೇ ಇಲ್ಲ. ಮುಂದಿನ ಅಂಕಿಗಳು ತೋರಿಸುವಂತೆ ಮೊದಲು ಖರ್ಚು ಮಾಡಬೇಕಾದದ್ದು ಅದಕ್ಕೇ. ಆಂಪ್ಲಿಫೈಯರ್ ಮತ್ತು ಮೈಕ್ ಕೊನೆಗೆ ಬರಬೇಕು, ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ.

₹44,300 ಈ ಭಾಗದ ರೈತ ಮನೆಗೆ ಎಷ್ಟು ಭಾರ ಎಂಬುದನ್ನು ಗೋವಿನಜೋಳದಲ್ಲಿ ಅಳೆಯಬಹುದು. 2025–26ರಲ್ಲಿ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400. ಹಿಂದಿನ ವರ್ಷ ಅದು ₹2,225 ಇತ್ತು. ಏರಿಕೆ ಶೇ 7.9. 2025–26ರ ದರದಲ್ಲಿ ಗಿಟಾರ್ ಸೇರಿದ ಈ ಸ್ಟುಡಿಯೋ 18.5 ಕ್ವಿಂಟಲ್ ಗೋವಿನಜೋಳಕ್ಕೆ ಸಮ, ಹಿಂದಿನ ವರ್ಷದ ದರದಲ್ಲಿ 19.9 ಕ್ವಿಂಟಲ್. ಮಾರುಕಟ್ಟೆಯಲ್ಲಿ ದರ ₹1,800ಕ್ಕೆ ಕುಸಿದರೆ ಅದೇ ಸಲಕರಣೆಗೆ 24.6 ಕ್ವಿಂಟಲ್ ಮಾರಬೇಕು. ಬೆಂಬಲ ಬೆಲೆಗೂ ಕೈಗೆ ಸಿಗುವ ಬೆಲೆಗೂ ಇರುವ ಅಂತರ ಗೊತ್ತಿದ್ದವರು ಮೂರನೆಯ ಅಂಕಿಯನ್ನೇ ಹಿಡಿದು ಓದುವುದು ಒಳ್ಳೆಯದು.

ದರಗಳ ಬಗ್ಗೆ ಒಂದು ಮಾತು. ಸಲಕರಣೆ, ಕೂಲಿ, ಸ್ಟುಡಿಯೋ ಬಾಡಿಗೆ ಮತ್ತು ಬಸ್ ಪ್ರಯಾಣದ ಮೊತ್ತಗಳು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂದಾಜು. ಸಲಕರಣೆಗಳಿಗೆ ಜಿಎಸ್‌ಟಿ ಸೇರಿದೆ, ಎಲ್ಲವನ್ನೂ ಪೂರ್ಣಾಂಕಕ್ಕೆ ತರಲಾಗಿದೆ. ವಿದ್ಯುತ್ ದರ, ತೆರಿಗೆ, ಬೆಂಬಲ ಬೆಲೆ, ನರೇಗಾ ಕೂಲಿ ಸರ್ಕಾರಿ ದರಗಳು. ಓದುಗರು ತಮ್ಮ ಅಂಗಡಿಯ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮತ್ತೆ ಮಾಡಬಹುದು.

ಎರಡು ದಾರಿ, ₹32,300 ಅಂತರ

ಗಿಟಾರ್ ಧ್ವನಿಮುದ್ರಣಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಹಳೆಯದು: ಗಿಟಾರ್ ಅನ್ನು ಆಂಪ್ಲಿಫೈಯರ್‌ಗೆ ಜೋಡಿಸಿ, ಅದರ ಸ್ಪೀಕರ್ ಎದುರು ಮೈಕ್ ಇಡುವುದು. ಗಿಟಾರ್ ₹18,000, ಆಂಪ್ಲಿಫೈಯರ್ ₹20,000, ಮೈಕ್ ₹10,000, ಸ್ಟ್ಯಾಂಡ್ ₹1,500, ಸೌಂಡ್ ಕಾರ್ಡ್ ₹15,000, ಹೆಡ್‌ಫೋನ್ ₹6,000, ಎರಡು ಕೇಬಲ್ ₹1,600. ಒಟ್ಟು ₹72,100. ಎರಡನೆಯ ದಾರಿಯಲ್ಲಿ ಗಿಟಾರ್ ಕೇಬಲ್ ನೇರವಾಗಿ ಸೌಂಡ್ ಕಾರ್ಡ್‌ಗೆ ಹೋಗುತ್ತದೆ. ಆಂಪ್ಲಿಫೈಯರ್‌ನ ಕೆಲಸವನ್ನು ಕಂಪ್ಯೂಟರ್‌ನ ತಂತ್ರಾಂಶ ಮಾಡುತ್ತದೆ. ಇದನ್ನು ಡಿಐ ಅಥವಾ ನೇರ ಮುದ್ರಣ ಎನ್ನುತ್ತಾರೆ. ಗಿಟಾರ್, ಸೌಂಡ್ ಕಾರ್ಡ್, ಹೆಡ್‌ಫೋನ್, ಒಂದು ಕೇಬಲ್ ಸೇರಿ ₹39,800. ಮೊದಲ ದಾರಿಯ ಶೇ 55. ಅರ್ಥಿಂಗ್ ಎರಡಕ್ಕೂ ಸಮಾನ, ಆದ್ದರಿಂದ ಇಲ್ಲಿ ಸೇರಿಸಿಲ್ಲ.

ಉಳಿದ ಶೇ 45, ಅಂದರೆ ₹32,300, ಆಂಪ್ಲಿಫೈಯರ್, ಮೈಕ್, ಸ್ಟ್ಯಾಂಡ್ ಮತ್ತು ಇನ್ನೊಂದು ಕೇಬಲ್‌ನ ಮೊತ್ತ. ಇದನ್ನು ಇಂದು ₹0ಗೆ ಇಳಿಸಿರುವುದು ‘ನ್ಯೂರಲ್ ಆಂಪ್ ಮಾಡೆಲರ್’ ಎಂಬ ಮುಕ್ತ ತಂತ್ರಾಂಶ. ನಿಜವಾದ ಆಂಪ್ಲಿಫೈಯರ್‌ಗೆ ಹೋದ ಧ್ವನಿ ಮತ್ತು ಅದರಿಂದ ಬಂದ ಧ್ವನಿ ಎರಡನ್ನೂ ಹೋಲಿಸಿ ಅದರ ವರ್ತನೆಯನ್ನು ಕಲಿಯುತ್ತದೆ. ಕಲಿತದ್ದು ಒಂದು ಚಿಕ್ಕ ಫೈಲ್ ಆಗಿ ಉಳಿಯುತ್ತದೆ. ಧ್ವನಿಮುದ್ರಣದ ತಂತ್ರಾಂಶಕ್ಕೂ ಹಣ ಬೇಕಿಲ್ಲ. ಸೌಂಡ್ ಕಾರ್ಡ್ ಜೊತೆಗೆ ಬರುವ ಲೈಟ್ ಆವೃತ್ತಿ ಸಾಕು. ಅದು ಸಾಲದಾದರೆ ರೀಪರ್ ಇದೆ: 60 ದಿನ ಪರೀಕ್ಷಾವಧಿ, ಬಳಿಕ ಸಣ್ಣ ಬಳಕೆದಾರರಿಗೆ 60 ಡಾಲರ್. ಡಾಲರ್‌ಗೆ ₹88 ಹಿಡಿದರೆ ₹5,280.

ಮೈಕ್ ಇಡುವವರು ಕೋಣೆಯ ಗೋಡೆಗೆ ಫೋಮ್ ಅಂಟಿಸಲು ಹಣ ಹಾಕುವುದುಂಟು. ಗಿಟಾರ್ ಮಟ್ಟಿಗೆ ಈ ಖರ್ಚಿಗೆ ಆಧಾರ ಕಡಿಮೆ. ಮೈಕ್ ಸ್ಪೀಕರ್‌ನಿಂದ 5 ಸೆಂ.ಮೀ ದೂರದಲ್ಲಿದ್ದು, ಗೋಡೆಗೆ ಹೋಗಿ ಮರಳುವ ಧ್ವನಿ 3 ಮೀಟರ್ ಸಾಗಿ ಬರುವುದಾದರೆ, ಎರಡರ ನಡುವಿನ ಅಂತರ ಸುಮಾರು 36 ಡೆಸಿಬೆಲ್. ಮರುಧ್ವನಿಯ ಒತ್ತಡ ನೇರ ಧ್ವನಿಯ 60ರಲ್ಲಿ ಒಂದು ಪಾಲು. ಹಾಡುಗಾರರ ಧ್ವನಿ ಹಿಡಿಯುವಾಗ ಸ್ಥಿತಿ ಬೇರೆ. 10×12 ಅಡಿ ತಳ, 10 ಅಡಿ ಎತ್ತರದ, ಸಿಮೆಂಟ್ ಗಿಲಾವಿನ ಖಾಲಿ ಕೋಣೆಯಲ್ಲಿ ಧ್ವನಿ ಆರಲು ಲೆಕ್ಕದ ಪ್ರಕಾರ 2.9 ಸೆಕೆಂಡು ಬೇಕು. ತಲಾ 2.5 ಚದರ ಮೀಟರಿನ ನಾಲ್ಕು ದಪ್ಪ ಕೌದಿ ಗೋಡೆಗೆ ತೂಗುಹಾಕಿದರೆ, ಬಟ್ಟೆ ಅರ್ಧದಷ್ಟು ಧ್ವನಿ ಹೀರುತ್ತದೆ ಎಂದು ಹಿಡಿದು, ಅದು 0.8 ಸೆಕೆಂಡಿಗೆ ಇಳಿಯುತ್ತದೆ. ಕೌದಿ ಈ ಸೀಮೆಯ ಮನೆಗಳಲ್ಲಿ ಹೊಸದಾಗಿ ಕೊಳ್ಳುವ ವಸ್ತುವಲ್ಲ.

ಆಂಪ್ಲಿಫೈಯರ್ ದಾರಿಗೆ ಇನ್ನೊಂದು ಅಡ್ಡಿ ಕಾನೂನಿನದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಗಿಟಾರ್ ಸ್ಪೀಕರ್ 1 ವಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ ಸುಮಾರು 97 ಡೆಸಿಬೆಲ್ ಕೊಡುತ್ತದೆ. 20 ಮೀಟರ್ ಆಚೆಯ ಮನೆಗೆ ಅದು 71ಕ್ಕೆ ಇಳಿಯುತ್ತದೆ. ಕಿಟಕಿ, ಬಾಗಿಲು, ಹೆಂಚಿನ ಮಾಡು ಒಟ್ಟಾಗಿ 20 ತಡೆದರೆ 51. ಹಗಲಿಗೆ ಸರಿ, ರಾತ್ರಿಗೆ 6 ಹೆಚ್ಚು. 15 ವಾಟ್‌ಗೆ ಏರಿಸಿದರೆ 63. ಹಗಲೂ ಮಿತಿ ಮೀರುತ್ತದೆ. ₹20,000 ಕೊಟ್ಟು ತಂದ 15 ವಾಟ್ ಆಂಪ್ಲಿಫೈಯರ್‌ನ ಶಕ್ತಿಯಲ್ಲಿ ಸುಮಾರು ಆರರಲ್ಲಿ ಒಂದು ಪಾಲನ್ನಷ್ಟೇ ಬಳಸಬೇಕು, ಅದೂ ಹಗಲಿನಲ್ಲಿ. ಟ್ರ್ಯಾಕ್ಟರ್, ಗಿರಣಿ, ಪಂಪ್‌ಸೆಟ್ ಎಲ್ಲ ಕೆಲಸದಲ್ಲಿರುವ ಹೊತ್ತೂ ಅದೇ. ನೇರ ಮುದ್ರಣದಲ್ಲಿ ಧ್ವನಿ ಹೆಡ್‌ಫೋನ್ ದಾಟುವುದಿಲ್ಲ. ರಾತ್ರಿ 11ಕ್ಕೂ ನುಡಿಸಬಹುದು.

ತೆರಿಗೆಯ ಪಾಲು

₹18,000ದ ಗಿಟಾರ್‌ನಲ್ಲಿ ಜಿಎಸ್‌ಟಿ ₹2,746. ದರ ಶೇ 18. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಇದು ಶೇ 28 ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ಇಳಿಯಿತು. ಹಳೆಯ ದರವೇ ಉಳಿದಿದ್ದರೆ ಇದೇ ಗಿಟಾರ್‌ಗೆ ₹19,525 ಆಗುತ್ತಿತ್ತು. ಕೈಯಿಂದ ತಯಾರಿಸಿದ ದೇಶೀಯ ವಾದ್ಯಗಳಿಗೆ ತೆರಿಗೆ ಇಲ್ಲ; ಏಕತಾರಿ, ತಬಲಾ, ವೀಣೆ ಈ ಪಟ್ಟಿಯಲ್ಲಿವೆ. ಶಿಶುನಾಳ ಶರೀಫರು (1819–1889) ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನವರು. ಅವರ ತತ್ವಪದಗಳನ್ನು ಜನ ಏಕತಾರಿಗೆ ಹಾಡಿದ್ದಾರೆ, ರಘು ದೀಕ್ಷಿತ್ ಅವರ ತಂಡ ಗಿಟಾರ್‌ಗಳಿಗೆ ಹಾಡಿದೆ. ಪದ ಅದೇ; ಒಂದು ವಾದ್ಯಕ್ಕೆ ತೆರಿಗೆ ಸೊನ್ನೆ, ಇನ್ನೊಂದಕ್ಕೆ 18.

ತೆರಿಗೆಯಲ್ಲದೆ ವ್ಯಾಪಾರ ನಿಯಮವೂ ಗಿಟಾರ್‌ಗೆ ತಟ್ಟಿದೆ. ಅದರ ಬೆರಳುಪಟ್ಟಿಗೆ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಒಂದು. ಅಳಿವಿನಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದವು ಬೀಟೆಯ ಬಹುತೇಕ ಇಡೀ ಕುಲವನ್ನು 2017ರ ಜನವರಿ 2ರಿಂದ ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿತು. ಆ ನಡುವಿನ ಸುಮಾರು ಮೂರು ವರ್ಷ ಬೀಟೆಯ ಗಿಟಾರ್‌ಗಳ ಸಾಗಣೆಗೆ ಅನುಮತಿ ಪತ್ರದ ಕೆಲಸ ಹೆಚ್ಚಿತ್ತು. ತಯಾರಕರು ಬೇರೆ ಮರಗಳತ್ತ ತಿರುಗಲು ಇದೂ ಒಂದು ಕಾರಣ.

ಕರೆಂಟಿನ ಪ್ರಮಾಣ ಅಗ್ಗ, ಗುಣ ದುಬಾರಿ

65 ವಾಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್, 2.5 ವಾಟ್‌ನ ಸೌಂಡ್ ಕಾರ್ಡ್, 9 ವಾಟ್‌ನ ಒಂದು ಬಲ್ಬ್: ಒಟ್ಟು 76.5 ವಾಟ್. ಫ್ಯಾನ್ ಸದ್ದು ಮಾಡುವುದರಿಂದ ಅದನ್ನು ಆರಿಸಲೇಬೇಕು, ಲೆಕ್ಕಕ್ಕಿಲ್ಲ. ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 6.9 ಯೂನಿಟ್. ಗೃಹಬಳಕೆ ದರ 2024–25ರಲ್ಲಿ ಯೂನಿಟ್‌ಗೆ ₹5.90 ಇದ್ದದ್ದು 2025–26ರಲ್ಲಿ ₹5.80 ಆಯಿತು. ಆ ದರದಲ್ಲಿ, ಸರ್‌ಚಾರ್ಜ್ ಮತ್ತು ತೆರಿಗೆ ಬಿಟ್ಟರೆ, ಸ್ಟುಡಿಯೋದ ತಿಂಗಳ ಬಿಲ್ಲು ₹40. ಹಿಂದಿನ ವರ್ಷಕ್ಕಿಂತ 69 ಪೈಸೆ ಕಡಿಮೆ. ಅದೇ ದರ ಬದಲಾವಣೆಯಲ್ಲಿ ನಿಗದಿತ ಶುಲ್ಕ ಕಿಲೋವಾಟ್‌ಗೆ ₹120ರಿಂದ ₹145ಕ್ಕೆ ಏರಿತು. 69 ಪೈಸೆ ಉಳಿಸಿದ ಮನೆ ₹25 ಹೆಚ್ಚು ಕೊಡುತ್ತದೆ, ಗಿಟಾರ್ ಇದ್ದರೂ ಇಲ್ಲದಿದ್ದರೂ.

2023ರ ಜುಲೈಯಿಂದ ಇರುವ ಗೃಹಜ್ಯೋತಿ ಯೋಜನೆಯಲ್ಲಿ ಬಹುತೇಕ ಮನೆಗಳಿಗೆ ಈ ₹40 ಸಹ ಬೀಳುವುದಿಲ್ಲ. ಉಚಿತ ಮಿತಿ ಎಂದರೆ 200 ಯೂನಿಟ್‌ನೊಳಗೆ, 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. 2024ರಲ್ಲಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ 10ರ ಬದಲು 10 ಯೂನಿಟ್ ಕೊಡುವ ತಿದ್ದುಪಡಿ ಬಂತು. ಮನೆಯ ಇಂದಿನ ಬಳಕೆ ಹಳೆಯ ಸರಾಸರಿಯಷ್ಟೇ ಇದ್ದರೆ, 6.9 ಯೂನಿಟ್‌ನ ಸ್ಟುಡಿಯೋ 48ಕ್ಕಿಂತ ಕೆಳಗಿನ ಮನೆಗೂ 69ಕ್ಕಿಂತ ಮೇಲಿನ ಮನೆಗೂ ಉಚಿತ ಮಿತಿಯೊಳಗೇ ಹೊಂದುತ್ತದೆ. 200ರ ಅಂಚಿನಲ್ಲಿರುವ ಮನೆಗಳನ್ನು ಬಿಟ್ಟರೆ, 48ರಿಂದ 69ರ ನಡುವಿನವರು ಮಾತ್ರ ಮಿತಿ ದಾಟುತ್ತಾರೆ. ಅವರು ಕೊಡಬೇಕಾದದ್ದು ತಿಂಗಳಿಗೆ ಗರಿಷ್ಠ 2.1 ಯೂನಿಟ್, ₹12.

ಕರೆಂಟಿನ ನಿಜವಾದ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ, ಹೆಡ್‌ಫೋನ್‌ನಲ್ಲಿ ಕೇಳುತ್ತದೆ. ನಮ್ಮ ಜಾಲದ ಆವರ್ತನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಗಿಟಾರ್‌ನ ತಂತಿಗಳ ಕೆಳಗಿರುವ ಪಿಕಪ್ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿಯ ಸುರುಳಿ. ತಂತಿಯ ಕಂಪನದ ಜೊತೆಗೆ ಮನೆಯ ವೈರಿಂಗ್‌ನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಈ ಸದ್ದು 50ರಲ್ಲಷ್ಟೇ ಇರುವುದಿಲ್ಲ. 100, 150, 200, 250 ಹೀಗೆ ಗುಣಕಗಳಲ್ಲೂ ಇರುತ್ತದೆ. ಗಿಟಾರ್‌ನ ಅತಿ ಕೆಳಗಿನ ಸ್ವರ 82.4 ಹರ್ಟ್ಸ್. ಆದ್ದರಿಂದ 50 ತೊಂದರೆ ಕೊಡುವುದಿಲ್ಲ, ಸೋಸಿ ತೆಗೆಯಬಹುದು. ಗುಣಕಗಳನ್ನು ಹಾಗೆ ತೆಗೆಯಲಾಗದು.

ಆರನೇ ತಂತಿಯ ಮೂರನೇ ಮನೆಯ (ಫ್ರೆಟ್) ಜಿ ಸ್ವರ 98.0 ಹರ್ಟ್ಸ್. ಬೆರಳಿಡದೆ ಮೀಟುವ ನಡುವಿನ ಮೂರು ತಂತಿಗಳು ಡಿ 146.8, ಜಿ 196.0, ಬಿ 246.9. ಜಾಲದ ಗುಣಕಗಳು 100, 150, 200, 250. ನಾಲ್ಕಕ್ಕೆ ನಾಲ್ಕೂ ಪಕ್ಕಪಕ್ಕದಲ್ಲೇ ಕೂತಿವೆ, ಪ್ರತಿಯೊಂದೂ ಗಿಟಾರ್‌ಗಿಂತ 2ರಿಂದ 4 ಹರ್ಟ್ಸ್ ಮೇಲೆ. ಅರ್ಧ ಸ್ವರವನ್ನು 100 ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಆ ಅಳತೆಯಲ್ಲಿ ಅಂತರ ಕ್ರಮವಾಗಿ 35, 37, 35, 21. ಅಂದರೆ ಭಾರತದ ವಿದ್ಯುತ್ ಜಾಲ ಹಗಲಿರುಳು ಜಿ ಮೇಜರ್ ಮೇಳಸ್ವರವೊಂದನ್ನು ಶ್ರುತಿ ತುಸು ಏರಿಸಿ ನುಡಿಸುತ್ತಿರುತ್ತದೆ. ಗಿಟಾರ್ ಕಲಿಯುವವರು ಮೊದಲ ತಿಂಗಳಲ್ಲೇ ಹಿಡಿಯುವ ಮೇಳಸ್ವರವೂ ಅದೇ. 100 ಹರ್ಟ್ಸ್ ಅನ್ನು ಫಿಲ್ಟರ್‌ನಿಂದ ಕತ್ತರಿಸಿದರೆ ಜಿ ಸ್ವರದ ಬುಡವೂ ಕತ್ತರಿಸಿ ಹೋಗುತ್ತದೆ. ಅಮೆರಿಕದ ಜಾಲ 60 ಹರ್ಟ್ಸ್. ಅದರ ಮೊದಲ ಗುಣಕ 120, ಬಿ ಫ್ಲ್ಯಾಟ್ 116.5 ಮತ್ತು ಬಿ 123.5ರ ಸರಿಯಾಗಿ ನಡುವೆ ಬೀಳುತ್ತದೆ. ಅಲ್ಲಿಯವರು ಬರೆದ ಫಿಲ್ಟರ್ ಸಲಹೆಯನ್ನು ಇಲ್ಲಿ ಹಾಗೇ ಅನುಸರಿಸಿದರೆ ಫಲ ಬೇರೆಯೇ.

ಸದ್ದನ್ನು ಮೂಲದಲ್ಲೇ ಕಡಿಮೆ ಮಾಡಲು ಎರಡು ಉಪಾಯಗಳಿವೆ. ಒಂದು, ಹಂಬಕರ್ ಪಿಕಪ್. ವಿರುದ್ಧ ದಿಕ್ಕಿನಲ್ಲಿ ಜೋಡಿಸಿದ ಎರಡು ಸುರುಳಿಗಳಲ್ಲಿ ಹೊರಗಿನ ಸದ್ದು ಪರಸ್ಪರ ರದ್ದಾಗುತ್ತದೆ, ತಂತಿಯ ಧ್ವನಿ ಕೂಡಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ₹18,000ದ ಮಟ್ಟದಲ್ಲಿ ಒಂಟಿ ಸುರುಳಿಯ ಗಿಟಾರ್ ಮತ್ತು ಹಂಬಕರ್ ಗಿಟಾರ್ ಎರಡೂ ಸಿಗುತ್ತವೆ. ಆಯ್ಕೆಗೆ ಹೆಚ್ಚುವರಿ ಖರ್ಚಿಲ್ಲ. ಇನ್ನೊಂದು ಉಪಾಯಕ್ಕೆ ಗುಂಡಿ ತೋಡಬೇಕು.

ಅರ್ಥಿಂಗ್‌ನ ₹4,500 ಹೀಗೆ ಹಂಚಿಹೋಗುತ್ತದೆ: 2.5 ಮೀಟರ್ ಉದ್ದದ ಜಿಐ ಪೈಪ್ ಮತ್ತು ಕ್ಲಾಂಪ್ ₹1,500, ಇದ್ದಿಲು ಮತ್ತು ಉಪ್ಪು ₹500, ಹಸಿರು ತಂತಿ ₹700, ತೋಡುವ ಕೂಲಿ ಮತ್ತು ವೈರಿಂಗ್ ಕೆಲಸ ₹1,800. ಹಳೆಯ ಮನೆಗಳಲ್ಲಿ ಸಾಕೆಟ್‌ನ ಮೂರನೇ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ₹500ರ ಮಲ್ಟಿಮೀಟರ್ ಇದನ್ನು ಒಂದು ನಿಮಿಷದಲ್ಲಿ ಹೇಳುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಬಂದರೆ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಎರಡನೆಯದು ಅರ್ಧಕ್ಕೆ ನಿಂತರೆ ಅಥವಾ ಓಲಾಡಿದರೆ ಅರ್ಥ್ ಇಲ್ಲ. ಗೃಹಬಳಕೆಗೆ ಗುರಿ 5 ಓಮ್‌ಗಿಂತ ಕಡಿಮೆ ರೋಧ. ಎರೆಮಣ್ಣು ಹಸಿಯಾಗಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ, ಬೇಸಿಗೆಯಲ್ಲಿ ಬಿರಿದು ಪೈಪ್‌ನಿಂದ ದೂರ ಸರಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಪೈಪ್‌ಗೆ ನೀರು ಹಾಕದಿದ್ದರೆ ಜನವರಿಯಲ್ಲಿ ಅಳೆದ ಓಮ್ ಏಪ್ರಿಲ್‌ನಲ್ಲಿ ಉಳಿಯುವುದಿಲ್ಲ.

ಅರ್ಥ್ ಇಲ್ಲದ ಮನೆಯ ಲಕ್ಷಣ ಬೆರಳಿಗೂ ಗೊತ್ತಾಗುತ್ತದೆ. ಗಿಟಾರ್‌ನ ತಂತಿಗಳು ಅವನ್ನು ಹಿಡಿದಿರುವ ಸೇತುವೆಯ (ಬ್ರಿಜ್) ಮೂಲಕ ಕೇಬಲ್‌ನ ಹೊರಕವಚಕ್ಕೆ, ಅಲ್ಲಿಂದ ಸೌಂಡ್ ಕಾರ್ಡ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಜೋಡಣೆಯಾಗಿರುತ್ತವೆ. ಅಡಾಪ್ಟರ್ ಒಳಗಿನ ಸೋರಿಕೆಯಿಂದ ಈ ಇಡೀ ಸರಣಿ ಜಾಲದ ಸುಮಾರು ಅರ್ಧ ವೋಲ್ಟೇಜಿಗೆ ತೇಲಬಹುದು. ಹರಿಯುವ ಕರೆಂಟ್ 0.25 ಮಿಲಿಆಂಪಿಯರ್ ಮಿತಿಯೊಳಗೇ ಇದ್ದರೂ ಬರಿಗಾಲಲ್ಲಿ ಕೂತವರಿಗೆ ಅಂಗೈ ಅಂಚು ಸೇತುವೆಗೆ ತಾಗಿದಾಗ ಜುಮ್ಮೆನ್ನುತ್ತದೆ. ತಂತಿ ಮುಟ್ಟಿದ ಕ್ಷಣ ಹೆಡ್‌ಫೋನ್‌ನ ಗುಂಯ್ ಸದ್ದಿನ ಮಟ್ಟ ಬದಲಾಗುವುದೂ ಇದರಿಂದಲೇ. ಮೈಕ್ ದಾರಿಯಲ್ಲಿ ಮೂರು ಪಿನ್ನಿನ ಆಂಪ್ಲಿಫೈಯರ್ ಸೇರಿಕೊಂಡಾಗ ಅಪಾಯ ಜುಮ್ಮಿಗೆ ನಿಲ್ಲುವುದಿಲ್ಲ. ಅಂಥ ಮನೆಗೆ 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಬೇಕು. ಅದಕ್ಕೆ ಸುಮಾರು ₹1,800 ಪ್ರತ್ಯೇಕ.

ಕರೆಂಟ್ ಹೋದಾಗಿನ ಲೆಕ್ಕವನ್ನೂ ನೋಡಬೇಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಮತ್ತು ಇನ್ವರ್ಟರ್‌ಗೆ ಸುಮಾರು ₹22,000: ಸ್ಟುಡಿಯೋದ ಉಳಿದೆಲ್ಲ ವೆಚ್ಚದ ಶೇ 84. ಶೇ 60 ಬಳಸಿದರೂ 1,080 ವಾಟ್-ಗಂಟೆ, ಅಂದರೆ 14 ಗಂಟೆ ಕೆಲಸ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಕೊಂಡರೆ 150, 250, 350 ಹರ್ಟ್ಸ್‌ನ ಬೆಸ ಗುಣಕಗಳು ಇನ್ನಷ್ಟು ಬಲವಾಗಿ ಬರುತ್ತವೆ. ಮೊದಲೆರಡು ಡಿ ಮತ್ತು ಬಿ ತಂತಿಗಳ ಪಕ್ಕದವು. ಲ್ಯಾಪ್‌ಟಾಪ್‌ನದೇ 50 ವಾಟ್-ಗಂಟೆಯ ಬ್ಯಾಟರಿ 25 ವಾಟ್ ಬಳಕೆಯಲ್ಲಿ 2 ಗಂಟೆ ನಡೆಯುತ್ತದೆ, ಖರ್ಚು ₹0. ಅಡಾಪ್ಟರ್ ಕಿತ್ತರೆ ಸೋರಿಕೆಯೂ ಇಲ್ಲ. ಒಂದು ಹಾಡಿನ ಗಿಟಾರ್ ಟೇಕ್‌ಗಳನ್ನು ಬ್ಯಾಟರಿಯಲ್ಲಿ ತೆಗೆದು, ಮಿಕ್ಸಿಂಗ್ ಅನ್ನು ಕರೆಂಟ್ ಇದ್ದಾಗ ಮಾಡುವುದು ಈ ಎಲ್ಲ ಅಂಕಿಗಳಲ್ಲಿ ಅತ್ಯಂತ ಅಗ್ಗದ ಕ್ರಮ.

ಸಂಕೇತ, ವಿಳಂಬ, ಫೈಲ್

ಪಿಕಪ್‌ನ ರೋಧ ಸುಮಾರು 8,000 ಓಮ್. ಅದನ್ನು 10,000 ಓಮ್‌ನ ಸಾಮಾನ್ಯ ಲೈನ್ ಕಿಂಡಿಗೆ ಚುಚ್ಚಿದರೆ ಸಂಕೇತದ ಶೇ 56 ಮಾತ್ರ ದಾಟುತ್ತದೆ, ಮೇಲಿನ ಸ್ವರಗಳಲ್ಲಿ ಇನ್ನೂ ಕಡಿಮೆ. ಸೌಂಡ್ ಕಾರ್ಡ್‌ನಲ್ಲಿ ‘ಇನ್‌ಸ್ಟ್ರುಮೆಂಟ್’ ಎಂದು ಬರೆದ ಗುಂಡಿ ಒತ್ತಿದರೆ ಕಿಂಡಿಯ ರೋಧ ಸುಮಾರು 10 ಲಕ್ಷ ಓಮ್ ಆಗುತ್ತದೆ. ಶೇ 99 ದಾಟುತ್ತದೆ. ‘ಗಿಟಾರ್ ಮಂಕಾಗಿ ಕೇಳುತ್ತದೆ’ ಎಂಬ ದೂರಿಗೆ ಹೊಸ ಪಿಕಪ್ ಕೊಳ್ಳುವ ಮೊದಲು ನೋಡಬೇಕಾದದ್ದು ಈ ಗುಂಡಿ. ಕೇಬಲ್ 3 ಮೀಟರ್ ಸಾಕು. 6 ಮೀಟರ್‌ನದು ಬೆಲೆಯಲ್ಲೂ ಹೆಚ್ಚು, ಮೇಲಿನ ಸ್ವರಗಳನ್ನೂ ತಗ್ಗಿಸುತ್ತದೆ.

ಕಂಪ್ಯೂಟರ್ ಮೂಲಕ ನುಡಿಸುವಾಗ ತಂತಿ ಮೀಟಿದ್ದಕ್ಕೂ ಕಿವಿಗೆ ಕೇಳಿದ್ದಕ್ಕೂ ನಡುವೆ ವಿಳಂಬವಿರುತ್ತದೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ, 256 ಮಾದರಿಗಳ ಗುಂಪಿಗೆ 5.3 ಮಿಲಿಸೆಕೆಂಡು, ಒಳಗೆ ಹೋಗಿ ಹೊರಬರಲು 10.7. ಧ್ವನಿ ಗಾಳಿಯಲ್ಲಿ ಅಷ್ಟು ಹೊತ್ತಿಗೆ 3.7 ಮೀಟರ್ ಸಾಗುತ್ತದೆ. ವೇದಿಕೆಯ ಮೇಲೆ ಆಂಪ್ಲಿಫೈಯರ್‌ನಿಂದ 12 ಅಡಿ ದೂರ ನಿಂತು ನುಡಿಸಿದಷ್ಟೇ ವಿಳಂಬ. ಗುಂಪನ್ನು 1,024ಕ್ಕೆ ಏರಿಸಿದರೆ 43 ಮಿಲಿಸೆಕೆಂಡು ಆಗಿ ತಾಳ ತಪ್ಪುತ್ತದೆ.

ಅದೇ ದರದಲ್ಲಿ, 24 ಬಿಟ್ ನಿಖರತೆಯಲ್ಲಿ, ಒಂದು ಟ್ರ್ಯಾಕ್‌ಗೆ ನಿಮಿಷಕ್ಕೆ 8.64 ಎಂಬಿ. 4 ನಿಮಿಷದ ಹಾಡು, 10 ಟ್ರ್ಯಾಕ್: 346 ಎಂಬಿ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನ ಶೇ 23. ಸೆಕೆಂಡಿಗೆ 8 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೆ 6 ನಿಮಿಷದಲ್ಲಿ ಬೆಂಗಳೂರಿನ ಮಿಕ್ಸಿಂಗ್ ಮಾಡುವವರಿಗೆ ತಲುಪುತ್ತದೆ, 1 ಮೆಗಾಬಿಟ್ ಸಿಕ್ಕರೆ 46 ನಿಮಿಷ. ಹಿಂದೆ ಇದು ಇಷ್ಟು ಸುಲಭವಿರಲಿಲ್ಲ: ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನಲ್ಲಿ ಟೇಪ್ ಮೇಲೆ ಮುದ್ರಣವಾಗುತ್ತಿದ್ದವು, ಅಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಗಿಟಾರ್ ನುಡಿಸುತ್ತಿದ್ದವರು ಇಳಯರಾಜ. 1980ರ ದಶಕದಲ್ಲಿ ನಟ-ನಿರ್ದೇಶಕ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. 24 ಟ್ರ್ಯಾಕ್‌ನ ಟೇಪ್ ಯಂತ್ರಗಳಲ್ಲಿ 2,500 ಅಡಿ ಟೇಪ್, ಸೆಕೆಂಡಿಗೆ 30 ಇಂಚು ವೇಗದಲ್ಲಿ, 16.7 ನಿಮಿಷಕ್ಕೆ ಮುಗಿಯುತ್ತಿತ್ತು. ಇಂದಿನ 1 ಟಿಬಿ ಡಿಸ್ಕ್‌ನಲ್ಲಿ ಅದೇ 24 ಟ್ರ್ಯಾಕ್ 80 ಗಂಟೆ ಹಿಡಿಸುತ್ತದೆ. 289 ಪಟ್ಟು.

ಬೆಂಗಳೂರಿನ ಬಾಡಿಗೆಗೆ ಹೋಲಿಕೆ

ರಾಣೆಬೆನ್ನೂರಿನಿಂದ ಬೆಂಗಳೂರು ಸುಮಾರು 300 ಕಿ.ಮೀ. ಒಂದು ಹಾಡಿನ ಗಿಟಾರ್‌ಗೆ 4 ಗಂಟೆ ಸ್ಟುಡಿಯೋ, ಗಂಟೆಗೆ ₹800ರಂತೆ ₹3,200, ಹೋಗಿಬರುವ ಬಸ್ ₹800, ಊಟ-ತಿಂಡಿ ₹400. ಒಟ್ಟು ₹4,400. 2025ರ ಜನವರಿಯ ಶೇ 15ರ ದರ ಏರಿಕೆ ಈ ಬಸ್ ಖರ್ಚಿನಲ್ಲಿ ₹104ರಷ್ಟಿದೆ. ಮನೆಯ ಸ್ಟುಡಿಯೋದ ₹26,300ನ್ನು ₹4,400ರಿಂದ ಭಾಗಿಸಿದರೆ 5.98. ಅಸಲು ಆರನೇ ಹಾಡಿಗೆ ಹುಟ್ಟುತ್ತದೆ. ಆಂಪ್ಲಿಫೈಯರ್ ಮತ್ತು ಮೈಕ್ ದಾರಿಯಲ್ಲಿ ₹58,600 ಹುಟ್ಟಲು 14 ಹಾಡು ಬೇಕು.

ನುಡಿಸುವವರು ಮಹಿಳೆಯಾದರೆ ಲೆಕ್ಕ ಬದಲಾಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಪ್ರಯಾಣ ಉಚಿತ. ಹೊರಗಿನ ಮುದ್ರಣದ ವೆಚ್ಚ ₹3,600ಕ್ಕೆ ಇಳಿದು, ಮನೆಯ ಸ್ಟುಡಿಯೋ ಅಸಲು ಕಾಣಲು 8 ಹಾಡು ಬೇಕಾಗುತ್ತದೆ. ಎಂಟು ಸಲ ರಾತ್ರಿ ಬಸ್ಸಿನಲ್ಲಿ ಗಿಟಾರ್ ಹೊತ್ತು ಹೋಗಿಬರುವ ದಣಿವು ಮಾತ್ರ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.

ವರ್ಷಕ್ಕೆ 12 ಹಾಡು, ಸಲಕರಣೆಗೆ 5 ವರ್ಷ ಆಯುಷ್ಯ ಎಂದು ಹಿಡಿದರೆ ಹಾಡಿಗೆ ಸಲಕರಣೆಯ ಪಾಲು ₹438. ಎರಡು ತಿಂಗಳಿಗೊಮ್ಮೆ ₹600ರ ತಂತಿ ಸೆಟ್ ಬದಲಿಸಿದರೆ ವರ್ಷಕ್ಕೆ ₹3,600. ಕರೆಂಟ್ ಉಚಿತವಿಲ್ಲದಿದ್ದರೆ ₹480. ಗಿಟಾರ್ ತಂತಿಯ ಖರ್ಚು ಕರೆಂಟಿನ ಏಳೂವರೆ ಪಟ್ಟು. ಎಲ್ಲ ಸೇರಿ ಹಾಡಿಗೆ ₹778: ಬೆಂಗಳೂರಿನ ವೆಚ್ಚದ ಶೇ 18.

ಇದರಲ್ಲಿ ನುಡಿಸುವವರ ಸಮಯ ಸೇರಿಲ್ಲ. ಗಂಟೆಯ ಬಾಡಿಗೆ ಓಡುತ್ತಿರುವ ಸ್ಟುಡಿಯೋದಲ್ಲಿ 4 ಗಂಟೆಗೆ ಮುಗಿಯುವ ಕೆಲಸ ಮನೆಯಲ್ಲಿ ಸುಲಭವಾಗಿ 10 ಗಂಟೆ ಎಳೆಯುತ್ತದೆ. ಯಾರೂ ಸಾಕು ಎನ್ನುವುದಿಲ್ಲ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370, ಹಿಂದಿನ ವರ್ಷ ₹349 ಇತ್ತು, ಏರಿಕೆ ಶೇ 6. ಈ ದರದಲ್ಲಿ 10 ಗಂಟೆಗೆ ₹463 ಸೇರಿಸಿದರೆ ಮನೆಯ ಹಾಡಿಗೆ ₹1,241. ಬೆಂಗಳೂರಿಗೆ ಹೋಗಿಬರುವ ಎರಡು ದಿನದ ಕೂಲಿ ₹740 ಸೇರಿಸಿದರೆ ಅಲ್ಲಿಯ ಹಾಡಿಗೆ ₹5,140. ಅನುಪಾತ ಶೇ 18ರಿಂದ ಶೇ 24ಕ್ಕೆ ಏರುತ್ತದೆ.

ಆದಾಯದ ಬದಿಯಲ್ಲಿ ಅಂಕಿಗಳು ಇಷ್ಟು ಅನುಕೂಲವಾಗಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತು ಹಣಕ್ಕೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. 4 ನಿಮಿಷದ ಹಾಡನ್ನು ಪೂರ್ತಿ ಕೇಳಿದ್ದೇ 60,000 ಸಲ ಆಗಬೇಕು. ಅರ್ಧಕ್ಕೆ ಬಿಟ್ಟವರಾದರೆ 1,20,000. ಉತ್ತರ ಕರ್ನಾಟಕದ ಜಾನಪದ ಹಾಡುಗಳ ಚಾನೆಲ್‌ಗಳಲ್ಲಿ ಆ ಮಿತಿ ಎಂದೋ ದಾಟಿದವರಿದ್ದಾರೆ. ಆ ಹಾಡುಗಳಲ್ಲಿ ಗಿಟಾರ್ ಕೇಳಿಸುವ ಕಡೆ ಹೆಚ್ಚಾಗಿ ಕೀಬೋರ್ಡ್‌ನ ಗಿಟಾರ್ ಧ್ವನಿ ಇರುತ್ತದೆ, ಅದರ ಹೆಚ್ಚುವರಿ ವೆಚ್ಚ ₹0. ನಿಜವಾದ ಗಿಟಾರ್ ಬೇಕೆನ್ನುವ ಹಾಡುಗಾರರು ಟ್ರ್ಯಾಕ್ ಒಂದಕ್ಕೆ ₹1,500 ಕೊಟ್ಟರೆ ಕುಪ್ಪೇಲೂರಿನ ಕೋಣೆಗೆ ಕೂಲಿ ಕಳೆದು ₹259 ಉಳಿಯುತ್ತದೆ. ₹1,000 ಎಂದರೆ ₹241 ಕೈಯಿಂದ ಹೋಗುತ್ತದೆ.